ವೈಯರ್‌ಬುಷ್‌ನ ಮೇಯರ್

ಜರ್ಮನಿಯ ರೈನ್ ನದಿಯಿಂದ ಪೂರ್ವಕ್ಕೆ ಏರಿದರೆ ವೆಸ್ಟರ್‌ವಾಲ್ಟ್ ಗುಡ್ಡಸೀಮೆ. ಗಾಳಿ ಜೋರು, ಚಳಿ ಹೆಚ್ಚು, ಮಣ್ಣು ಬಡವು. ಓಟ್ಸ್, ರೈ, ಆಲೂಗಡ್ಡೆ ನೆಚ್ಚಿಕೊಂಡಿದ್ದ ಸಣ್ಣ ಹಿಡುವಳಿಗಳ ಸೀಮೆ ಅದು. ಅಲ್ಲಿನ ವೈಯರ್‌ಬುಷ್‌ಗೆ 1845ರಲ್ಲಿ ಹೊಸ ಮೇಯರ್ ಬಂದರು. ಹೆಸರು ಫ್ರೀಡ್ರಿಶ್ ವಿಲ್ಹೆಲ್ಮ್ ರೈಫೈಸನ್, ಇನ್ನೂ ಮೂವತ್ತು ತುಂಬದ ತರುಣ. ಹುಟ್ಟಿದ್ದು ಅದೇ ಸೀಮೆಯ ಹಾಮ್ ಎಂಬ ಊರಲ್ಲಿ. ಸೈನ್ಯಕ್ಕೆ ಸೇರಿದ್ದವರು ಕಣ್ಣಿನ ಕಾಯಿಲೆಯಿಂದ 1843ರಲ್ಲಿ ಅದನ್ನು ಬಿಡಬೇಕಾಯಿತು. ಆಗಿನ ಪ್ರಷ್ಯನ್ ಆಡಳಿತದಲ್ಲಿ ಹಳ್ಳಿಗಾಡಿನ ಮೇಯರರನ್ನು ಸರಕಾರವೇ ನೇಮಿಸುತ್ತಿತ್ತು. ಸುತ್ತಲಿನ ಹತ್ತಾರು ಹಳ್ಳಿಗಳ ಹೊಣೆಯೂ ಅವರದೇ.

ಮರುವರ್ಷವೇ ಬರ. ಆಲೂಗಡ್ಡೆಗೆ ರೋಗ, ರೈ ಬೆಳೆಯೂ ಕೈಕೊಟ್ಟಿತು. ಸರಕಾರ ಧಾನ್ಯ ಕೊಡಲು ಒಪ್ಪಿದರೂ ಒಂದು ಷರತ್ತು ಹಾಕಿತು: ನಗದು ಕೊಟ್ಟವರಿಗೆ ಮಾತ್ರ. ಹಸಿದವನ ಹತ್ತಿರ ನಗದು ಎಲ್ಲಿಂದ ಬರಬೇಕು? ರೈಫೈಸನ್ ಆ ಆದೇಶವನ್ನು ಬದಿಗಿಟ್ಟು ಸಾಲವಾಗಿ ಹಂಚಿದರು. ಊರಿನ ಉಳ್ಳವರಿಂದ ಹಣ ಕೂಡಿಸಿ ಬ್ರೆಡ್ ಸಂಘ ಕಟ್ಟಿದರು, ಸಾಮೂಹಿಕ ಒಲೆಮನೆ ಎಬ್ಬಿಸಿದರು. ಬಡವರಿಗೆ ಪೇಟೆಗಿಂತ ಎಷ್ಟೋ ಅಗ್ಗದ ದರದಲ್ಲಿ ಬ್ರೆಡ್ಡು ಸಿಕ್ಕಿತು; ದುಡ್ಡನ್ನು ಮುಂದಿನ ಸುಗ್ಗಿಗೆ ಕೊಟ್ಟರಾಯಿತು. ಬಿತ್ತನೆ ಆಲೂಗಡ್ಡೆಯನ್ನೂ ಸಂಘವೇ ಒದಗಿಸಿತು. ಮೇಲಿನವರ ಅಪ್ಪಣೆ ಮೀರಿ ಊರನ್ನು ಉಳಿಸಿದ ಈ ಎದೆಗಾರಿಕೆ, ನನ್ನ ಮಟ್ಟಿಗೆ, ಅವರ ಮುಂದಿನ ಎಲ್ಲ ಕೀರ್ತಿಗಿಂತ ದೊಡ್ಡದು.

ಶಾಲೆ ಕಟ್ಟಿಸಿದರು. ರೈನ್ ದಂಡೆಯ ಪೇಟೆಗೆ ಬಂಡಿ ಹೋಗುವಂಥ ರಸ್ತೆಗಾಗಿ ವರ್ಷಗಟ್ಟಲೆ ದುಡಿದರು. ಹಾಮ್‌ನಿಂದ ನಾಯ್‌ವೀಡ್‌ಗೆ ಹೋಗುವ ಆ ದಾರಿಗೆ ಈಗ ಅವರದೇ ಹೆಸರು.

1848ರಲ್ಲಿ ಫ್ಲಾಮರ್ಸ್‌ಫೆಲ್ಡ್‌ಗೆ ವರ್ಗ. ಅಲ್ಲಿ ರೈತರನ್ನು ಹಿಂಡುತ್ತಿದ್ದದ್ದು ಬಡ್ಡಿ. ಸಾಲದ ಹಸುವಿಗೆ ಬಡ್ಡಿ ಕಟ್ಟಲಾಗದೆ ಹೊಲವೂ ಹೋಗುತ್ತಿತ್ತು. ಮರುವರ್ಷ ಅವರ ಮುಂದಾಳುತನದಲ್ಲಿ ಅರವತ್ತು ಮಂದಿ ಸ್ಥಿತಿವಂತರು ತಮ್ಮ ಆಸ್ತಿಯ ಜಾಮೀನಿನ ಮೇಲೆ ಹಣ ತಂದು ಬಡ ರೈತರಿಗೆ ಜಾನುವಾರು ಕೊಡಿಸುವ ನೆರವು ಸಂಘ ಕಟ್ಟಿದರು. 1852ರಲ್ಲಿ ಹೆಡ್ಡೆಸ್‌ಡಾರ್ಫ್‌ನ ಮೇಯರಾದ ಮೇಲೆ ಅಲ್ಲಿಯೂ ಇದೇ ಬಗೆಯ ಸಂಘ.

ಆದರೆ ಉಳ್ಳವರ ಉತ್ಸಾಹ ಬಹಳ ಕಾಲ ನಿಲ್ಲಲಿಲ್ಲ. ಸಾಲ ತೆಗೆಯುವವರು ತಾವೇ ಸದಸ್ಯರಾಗಿ ಒಬ್ಬರಿಗೊಬ್ಬರು ಹೊಣೆ ನಿಲ್ಲದೆ ಸಂಘ ಬಾಳದು ಎಂಬುದು ದಾನಧರ್ಮವನ್ನು ಗಾಢವಾಗಿ ನಂಬಿದ್ದ ದೈವಭಕ್ತ ರೈಫೈಸನ್ ಅವರಿಗೆ ಸುಲಭದ ತುತ್ತಾಗಿರಲಿಲ್ಲ. ಮನಸ್ಸು ಒಗ್ಗಲು ವರ್ಷಗಳೇ ಬೇಕಾದವು. 1864ರ ಹೆಡ್ಡೆಸ್‌ಡಾರ್ಫ್ ಸಾಲ ಸಂಘ ಆ ಹೊಸ ನಿಯಮದ ಮೇಲೆ ನಿಂತಿತು. ಒಬ್ಬರನ್ನೊಬ್ಬರು ಬಲ್ಲ ಸಣ್ಣ ವ್ಯಾಪ್ತಿ, ಸಂಬಳವಿಲ್ಲದ ಆಡಳಿತ ಮಂಡಳಿ, ಎಲ್ಲರಿಗೂ ಅಪರಿಮಿತ ಹೊಣೆ.

ಅಷ್ಟರಲ್ಲಿ ಹೆಂಡತಿ ಎಮಿಲಿ ತೀರಿಹೋಗಿದ್ದರು. ಕಣ್ಣು ಮಂಜಾಗುತ್ತ ಬಂದು 1865ರಲ್ಲಿ ಹುದ್ದೆಯನ್ನೂ ಬಿಡಬೇಕಾಯಿತು. ಸಿಕ್ಕಿದ್ದು ಚಿಕ್ಕ ಪಿಂಚಣಿ. ಹೊಟ್ಟೆಪಾಡಿಗೆ ಸಿಗಾರ್ ತಯಾರಿಕೆ, ಆಮೇಲೆ ದ್ರಾಕ್ಷಾರಸದ ವ್ಯಾಪಾರ. ಓದಿ ಹೇಳಲು, ಬರೆದುಕೊಳ್ಳಲು ಮಗಳು ಅಮಾಲಿಯೇ ಆಸರೆ. 1866ರಲ್ಲಿ ಸಾಲ ಸಂಘಗಳ ಕುರಿತ ಅವರ ಪುಸ್ತಕ ಹೊರಬಂದ ಮೇಲೆ ಈ ಮಾದರಿ ಊರಿಂದೂರಿಗೆ ಹಬ್ಬಿತು. 1888ರ ಮಾರ್ಚ್ 11ರಂದು ಅವರು ತೀರಿಕೊಂಡರು.

ಅವರ ಮಾದರಿ ಭಾರತಕ್ಕೂ ತಲುಪಿತು. ಕೆಲವೇ ವರ್ಷಗಳಲ್ಲಿ ಮದ್ರಾಸ್ ಸರಕಾರಕ್ಕಾಗಿ ಗ್ರಾಮೀಣ ಸಾಲದ ಅಧ್ಯಯನ ಮಾಡಿದ ಫ್ರೆಡರಿಕ್ ನಿಕೋಲ್ಸನ್, ಇಲ್ಲಿಗೂ ರೈಫೈಸನ್ ದಾರಿಯೇ ಬೇಕು ಎಂದು ವರದಿ ಕೊಟ್ಟರು. 1904ರಲ್ಲಿ ಸಹಕಾರ ಕಾಯ್ದೆ ಬಂತು. ಮರುವರ್ಷ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರ ರೈತರನ್ನು ಸೇರಿಸಿ ಕೃಷಿ ಪತ್ತಿನ ಸಹಕಾರ ಸಂಘ ತೆರೆದರು.