ಸೂರಜ್ ನರೇಡು ಮತ್ತು ಜಾಕಿಗಳ ಬದುಕು

ಬೆಂಗಳೂರಿನ ರೇಸ್‌ಕೋರ್ಸ್ ಹೆಸರು ಕೇಳಿದೊಡನೆ ಬಹುತೇಕರಿಗೆ ನೆನಪಾಗುವುದು ಜೂಜು ಮತ್ತು ಬಾಜಿ. ಕುದುರೆಯ ಬೆನ್ನ ಮೇಲೆ ಇರುವ ಮನುಷ್ಯನ ಕಡೆಗೆ ಗಮನ ಹರಿಯುವುದು ಕಡಿಮೆ. ಆ ಮನುಷ್ಯನೇ ಜಾಕಿ, ಅಂದರೆ ಓಟದ ಕುದುರೆಯ ಸವಾರ. ಬೆಂಗಳೂರು, ಮೈಸೂರು, ಮುಂಬೈ ಟರ್ಫ್‌ಗಳಲ್ಲಿ ಹೆಸರು ಮಾಡಿದ ಸೂರಜ್ ನರೇಡು ಈ ವೃತ್ತಿಯಲ್ಲಿ ದೇಶದ ಅಗ್ರಗಣ್ಯರಲ್ಲಿ ಒಬ್ಬರು.

ನರೇಡು ಎಂಬುದು ರೇಸ್ ವಲಯದಲ್ಲಿ ಚಿರಪರಿಚಿತ ಮನೆತನ. ಮಲೇಶ್ ನರೇಡು ಮತ್ತು ಸತೀಶ್ ನರೇಡು ಕುದುರೆ ತರಬೇತುದಾರರು. ಸೂರಜ್ ಹಾಗೂ ಯಶ್ ನರೇಡು ಸವಾರರು. ಲಾಯದ ವಾಸನೆಯಲ್ಲೇ ಬೆಳೆದ ಮಕ್ಕಳಿಗೆ ಇಲ್ಲಿ ಸಹಜವಾಗಿಯೇ ಅನುಕೂಲ ಹೆಚ್ಚು. ಆದರೆ ತಕ್ಕಡಿಯ ಮುಂದೆ ಮನೆತನದ ಹೆಸರು ನಡೆಯುವುದಿಲ್ಲ. 2000ದ ದಶಕದ ಆರಂಭದಲ್ಲಿ ಸವಾರಿ ಆರಂಭಿಸಿದ ಸೂರಜ್ ಮುಂದೆ ದೇಶದ ಚಾಂಪಿಯನ್ ಜಾಕಿಗಳ ಸಾಲಿಗೆ ಸೇರಿದರು.

2016ರ ಫೆಬ್ರವರಿಯಲ್ಲಿ ಮುಂಬೈನ ಮಹಾಲಕ್ಷ್ಮಿ ರೇಸ್‌ಕೋರ್ಸ್‌ನಲ್ಲಿ ನಡೆದ ಇಂಡಿಯನ್ ಡರ್ಬಿಯನ್ನು ಸೂರಜ್ 'ಡೆಸರ್ಟ್ ಗಾಡ್' ಎಂಬ ಕುದುರೆಯ ಮೇಲೆ ಗೆದ್ದರು. ಈ ಗೆಲುವಿಗೆ ಕರ್ನಾಟಕದ ನಂಟು ಗಟ್ಟಿಯಾಗಿದೆ. ತರಬೇತುದಾರ ಎಸ್. ಪದ್ಮನಾಭನ್ ಬೆಂಗಳೂರಿನವರು. ಕುದುರೆ ಹುಟ್ಟಿದ್ದು ತುಮಕೂರು ಜಿಲ್ಲೆಯ ಕುಣಿಗಲ್ ಸ್ಟಡ್ ಫಾರ್ಮ್‌ನಲ್ಲಿ. ಕಂಬದೂರಿನಿಂದ ಪಾವಗಡದ ಗಡಿ ದಾಟಿದರೆ ಸಿಗುವುದು ಅದೇ ತುಮಕೂರು ಜಿಲ್ಲೆ. ಟಿಪ್ಪು ಸುಲ್ತಾನನ ಕಾಲದಿಂದ ಸೈನ್ಯದ ಕುದುರೆ ಸಾಕಣೆಗೆ ಹೆಸರಾದ ಈ ಜಾಗ 1992ರಲ್ಲಿ ಗುತ್ತಿಗೆಯ ಮೇಲೆ ಯು.ಬಿ. ಸಮೂಹಕ್ಕೆ ಹೋಯಿತು. ಕುದುರೆಯ ಒಡೆತನ ವಿಜಯ್ ಮಲ್ಯ ಅವರದು. ಅದಾದ ಕೆಲವೇ ವಾರಗಳಲ್ಲಿ, ಮಾರ್ಚ್‌ನಲ್ಲಿ, ಮಲ್ಯ ದೇಶ ಬಿಟ್ಟರು. ಪತ್ರಿಕೆಗಳಲ್ಲಿ ಡರ್ಬಿಯ ಸುದ್ದಿ ಬೇಗ ಮರೆಯಾಗಿದ್ದಕ್ಕೆ ಅದೂ ಒಂದು ಕಾರಣವಿರಬಹುದು.

ಇಂಡಿಯನ್ ಡರ್ಬಿ 1943ರಿಂದ ನಡೆಯುತ್ತಿದೆ. 'ಪ್ರಿನ್ಸೆಸ್ ಬ್ಯೂಟಿಫುಲ್' ಇದರ ಮೊದಲ ವಿಜೇತ ಕುದುರೆ. ನಾಲ್ಕು ವರ್ಷದ ಕುದುರೆಗಳಿಗೆ ಮಾತ್ರ ಅವಕಾಶವಿರುವುದರಿಂದ ಒಂದು ಕುದುರೆಗೆ ಈ ಓಟ ಜೀವಮಾನದಲ್ಲಿ ಒಂದೇ ಸಲ. ದೂರ 2400 ಮೀಟರ್, ಮುಗಿಯುವುದು ಎರಡೂವರೆ ನಿಮಿಷದ ಆಸುಪಾಸಿನಲ್ಲಿ. ಆರಂಭದಲ್ಲೇ ಕುದುರೆಯನ್ನು ಓಡಿಸಿಬಿಟ್ಟರೆ ಕೊನೆಯ ನೇರದಲ್ಲಿ ಉಸಿರು ಇರುವುದಿಲ್ಲ. ತಡೆದು ಹಿಡಿದರೆ ಮುಂದಿನ ಕುದುರೆಗಳ ಗೋಡೆ ದಾಟಲು ಸಂದಿ ಸಿಗುವುದಿಲ್ಲ. ಯಾವಾಗ ಲಗಾಮು ಸಡಿಲಿಸಬೇಕು ಎಂಬ ಲೆಕ್ಕವೇ ಜಾಕಿಯ ವಿದ್ಯೆ. ಚಾವಟಿ ಬೀಸುವುದು ಅದರಲ್ಲಿ ಸಣ್ಣ ಭಾಗ. ಕುದುರೆ ಓಟ ಅದೃಷ್ಟದಾಟವಲ್ಲ, ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ನೀಡಿದಾಗ ಪರಿಗಣಿಸಿದ ಅಂಶಗಳಲ್ಲಿ ಸವಾರನ ಸಾಮರ್ಥ್ಯವೂ ಸೇರಿತ್ತು.

ಜಾಕಿಯ ದೊಡ್ಡ ಶತ್ರು ಎದುರಾಳಿಯಲ್ಲ, ಸ್ವಂತ ದೇಹದ ತೂಕ. ಪ್ರತಿ ಕುದುರೆಗೆ ಇಷ್ಟು ಭಾರ ಎಂದು ನಿಗದಿಯಾಗಿರುತ್ತದೆ. ಜೀನು ಸೇರಿ ಅಷ್ಟೇ ತೂಗಬೇಕು. ಕಡಿಮೆಯಾದರೆ ಸೀಸದ ತುಂಡುಗಳನ್ನು ಸೇರಿಸಬಹುದು. ಹೆಚ್ಚಾದರೆ ದಾರಿ ಕಷ್ಟ. ಓಟಕ್ಕೆ ಮೊದಲೂ ನಂತರವೂ ತಕ್ಕಡಿ ಏರಬೇಕು. ಗೆದ್ದು ಬಂದ ಮೇಲೆ ತೂಕ ಕಡಿಮೆ ಬಂದರೆ ಗೆಲುವೇ ಕೈಬಿಡುತ್ತದೆ. ಹೀಗಾಗಿ ಹಸಿವು ಹಿಡಿದಿಟ್ಟು, ಬೆವರು ಸುರಿಸಿ, ನೀರನ್ನೂ ಅಳೆದು ಕುಡಿಯುವುದು ಹಲವು ಸವಾರರಿಗೆ ನಿತ್ಯದ ಮಾತು. ಹಬ್ಬದ ಹೋಳಿಗೆಯೂ ಅವರಿಗೆ ಲೆಕ್ಕದ್ದೇ.

ಹೊಸಬರು ಅಪ್ರೆಂಟಿಸ್ ಆಗಿ ಸೇರುತ್ತಾರೆ. ಬೆಂಗಳೂರು ಟರ್ಫ್ ಕ್ಲಬ್ ಇದಕ್ಕಾಗಿ ತರಬೇತಿ ಶಾಲೆ ನಡೆಸಿದೆ. ಅನುಭವ ಕಡಿಮೆ ಇರುವ ಹುಡುಗನ ಕುದುರೆಗೆ ಕೆಲವು ಕಿಲೋ ಭಾರದ ರಿಯಾಯಿತಿ ಸಿಗುತ್ತದೆ. ಗೆಲುವುಗಳು ಹೆಚ್ಚಿದಂತೆ ಈ ರಿಯಾಯಿತಿ ಕರಗಿ, ಕೊನೆಗೆ ಪೂರ್ಣ ಜಾಕಿಗಳೊಂದಿಗೆ ಸರಿಸಮ ನಿಲ್ಲಬೇಕು. ಅನೇಕರು ಹಿಂದುಳಿಯುವುದು ಇದೇ ಘಟ್ಟದಲ್ಲಿ. ಜಾಕಿಗೆ ಬಾಜಿ ಕಟ್ಟುವ ಹಕ್ಕಿಲ್ಲ. ಕುದುರೆಯನ್ನು ಬೇಕೆಂದೇ ತಡೆದರೆಂದು ಸ್ಟೀವರ್ಡ್‌ಗಳಿಗೆ ಅನಿಸಿದರೆ ವಿಚಾರಣೆ, ಅಮಾನತು.

ಅಪಾಯವೂ ಇದೆ. ಸುಮಾರು 450-500 ಕಿಲೋ ತೂಗುವ ಕುದುರೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಮುಗ್ಗರಿಸಿದರೆ ಸವಾರ ಬೀಳುವುದು ಹಿಂದಿನ ಕುದುರೆಗಳ ಗೊರಸಿನಡಿಗೆ. 1979ರಲ್ಲಿ ಮುಂಬೈನಲ್ಲಿ ಹೀಗೆ ಗಾಯಗೊಂಡ ಕಾರ್ಲ್ ಉಮ್ರಿಗರ್ ಉಳಿಯಲಿಲ್ಲ. ಆಗಿನ್ನೂ ಹದಿಹರೆಯದ ಸವಾರ ಅವರು.

ಸೂರಜ್‌ಗಿಂತ ಹಿಂದಿನ ಪೀಳಿಗೆಯ ದೊಡ್ಡ ಹೆಸರು ಪೆಸಿ ಶ್ರಾಫ್. ಇಂಡಿಯನ್ ಡರ್ಬಿಯನ್ನು ಎಂಟು ಬಾರಿ ಗೆದ್ದ ಅವರು 2004ರಲ್ಲಿ ಸವಾರಿ ನಿಲ್ಲಿಸಿ ತರಬೇತುದಾರರಾದರು, ಅಲ್ಲಿಯೂ ಗೆದ್ದರು. ಜೀನಿನಿಂದ ಇಳಿದ ಜಾಕಿಗಳಲ್ಲಿ ಹಲವರು ಹಿಡಿಯುವ ದಾರಿ ಇದೇ. ಉಳಿದವರು ಮುಂಜಾನೆ ಕುದುರೆಗಳಿಗೆ ವ್ಯಾಯಾಮ ಮಾಡಿಸುವ ಕೆಲಸಕ್ಕೆ ಮರಳುತ್ತಾರೆ.