ಕಲ್ಯಾಣದ ಅರಸನ ಜಳಕ, ನಮ್ಮ ಮನಿ ಹಂಡೆ

ಈಗ ಯಾರ ಮನಿಗಿ ಹೋದ್ರೂ ಬಚ್ಚಲದ ಗೂಡಿನಾಗ ಐದಾರು ಬಾಟ್ಲಿ ಸಾಲಾಗಿ ನಿಂತಿರ್ತಾವ. ತಲಿಗೊಂದು, ಮಾರಿಗೊಂದು, ಒಡೆದ ಹಿಮ್ಮಡಕ್ಕೊಂದು. ಫೋನ್ ತೆಗೆದ್ರ ಸಾಕು, ಎಣ್ಣಿ ಹಚ್ಚಿ ತಿಕ್ಕಿಕೊಳ್ಳೂದು, ಮನಿಯೊಳಗ ಘಮಘಮ ವಾಸನಿ ಹಾಕೂದು, ನಿದ್ದಿಗಿ ಛಲೋ ಹಾಸಿಗಿ ಆರಿಸೂದು, ಎಲ್ಲಾ ನಿನ್ನೆ ಮೊನ್ನೆ ಹುಟ್ಟಿದ ಸುದ್ದಿ ಅನ್ನಂಗ ಹೇಳ್ತಾರ. ಖರೇ ಹೇಳಬೇಕಂದ್ರ, ಮೈಗಿ ಮನಿಗಿ ಆರಾಮ ಹ್ಯಾಂಗ ಕೊಡಬೇಕು ಅಂಬೋದನ್ನ ಕೂಡಿಸಿ ಬರೆದ ಒಂದು ದೊಡ್ಡ ಗ್ರಂಥ ನಮ್ಮ ಹುಲಸೂರಿನ ಮಗ್ಗಲಾಗೇ, ಕಲ್ಯಾಣದಾಗ, ಸುಮಾರು 900 ವರ್ಷದ ಹಿಂದ ತಯಾರಾಗಿತ್ತು. ಬರೆದಾವ ಸಾದಾ ಮನಷ್ಯಾ ಅಲ್ಲ, ಆ ಕಲ್ಯಾಣದ ಅರಸ.

ಅವನ ಹೆಸರು ಮೂರನೇ ಸೋಮೇಶ್ವರ. ಕಲ್ಯಾಣ ಚಾಲುಕ್ಯರ ದೊಡ್ಡ ಅರಸ ಆರನೇ ವಿಕ್ರಮಾದಿತ್ಯನ ಮಗ. 1126ರ ಸುಮಾರಿಗಿ ಪಟ್ಟಕ್ಕ ಬಂದ, 1138ರ ತನಕ ಆಳಿದ. ಯುದ್ಧಕ್ಕಿಂತ ಓದು ಬರಹದಾಗ ಮನಸ್ಸು ಜಾಸ್ತಿ. ಅದಕ್ಕೇ ಅವನಿಗಿ ‘ಸರ್ವಜ್ಞ ಚಕ್ರವರ್ತಿ’ ಅಂತ ಬಿರುದು. ಅವನ ಸಂಸ್ಕೃತ ಗ್ರಂಥದ ಹೆಸರು ‘ಮಾನಸೋಲ್ಲಾಸ’. ಐದು ಭಾಗ, ಒಂದೊಂದರಾಗ ಇಪ್ಪತ್ತು ಅಧ್ಯಾಯ, ಒಟ್ಟು ನೂರು. ರಾಜ್ಯ ಗಳಿಸೂದು, ಉಳಿಸಿಕೊಳ್ಳೂದು ಹ್ಯಾಂಗ ಅಂತ ಮೊದಲ ಎರಡು ಭಾಗ. ಮೂರನೇ ಭಾಗ ನಮ್ಮಂಥವರು ಓದಬೇಕಾದ್ದು. ಅದರಾಗ ಇಪ್ಪತ್ತು ‘ಉಪಭೋಗ’ ಅವ. ಉಪಭೋಗ ಅಂದ್ರ ಬಾಳಿನ ಸುಖ, ದಿನಾ ಬೇಕಾಗೂ ಆರಾಮ.

ಅವುಗಳಾಗ ಕೆಲವು ಹೆಸರು ಕೇಳ್ರಿ. ಮನಿ, ಜಳಕ, ಪಾದರಕ್ಷೆ, ತಾಂಬೂಲ, ಮೈಗಿ ಗಂಧದ ಲೇಪ, ಅರಿವಿ, ಹೂವು, ಒಡವಿ, ಕೂಡೂ ಆಸನ, ಊಟ, ಕುಡಿಯೂ ನೀರು, ಕಾಲಿಗಿ ಎಣ್ಣಿ ತಿಕ್ಕಿಸಿಕೊಳ್ಳೂದು, ಛತ್ರಿ, ಹಾಸಿಗಿ, ಧೂಪ. ಒಂದೊಂದಕ್ಕೂ ಒಂದೊಂದು ಅಧ್ಯಾಯ! ಅಂಗಾಲು ತಿಕ್ಕೂದಕ್ಕ ಅಂತನೇ ಬ್ಯಾರೆ ಅಧ್ಯಾಯ ಇಟ್ಟಾನಂದ್ರ, ದಣಿದ ಕಾಲಿನ ಸುಖ ಅವನಿಗಿ ಭಾಳ ಛಲೋ ಗೊತ್ತಿತ್ತು.

ಜಳಕದ ಮಾತು ಬಂದಾಗ, ಮೊದಲು ಸುವಾಸನಿ ಎಣ್ಣಿ, ಮೈ ನಾದಿ ತಿಕ್ಕೂದು, ಆಮ್ಯಾಗ ಎಣ್ಣಿ ಬಿಡಿಸೂ ಪುಡಿ, ಕಡೀಕ ಬಿಸಿನೀರು. ಆ ಪುಡಿ ಹಚ್ಚಿ ತಿಕ್ಕೂದಕ್ಕ ಸಂಸ್ಕೃತದಾಗ ‘ಉದ್ವರ್ತನ’ ಅಂತಾರ. ಗಡಿ ಆಚೀಕಿನ ಮರಾಠಿ ಮಂದಿ ದೀಪಾವಳಿಗಿ ಹಚ್ಚಿಕೊಳ್ಳೂ ‘ಉಟಣೆ’, ಹಿಂದಿ ಮಂದಿ ಮದಿವಿಗಿ ಹಚ್ಚೂ ‘ಉಬಟನ್’, ಎರಡೂ ಇದೇ ಶಬ್ದದ ಮಕ್ಕಳು. ನಾವು ನೀರು ತುಂಬೂ ಹಬ್ಬದ ಮರುದಿನ ನಸುಕಿನ್ಯಾಗೆದ್ದು ಎಣ್ಣಿ ಹಚ್ಚಿ, ಕಡ್ಲಿಹಿಟ್ಟು ಅರಿಷಿಣದಾಗ ತಿಕ್ಕಿ ಮಕ್ಕಳಿಗಿ ಎರೀತೀವಲ್ಲಾ, ಆ ಪದ್ಧತಿಗಿ ಅರಸನ ಪುಸ್ತಕದಾಗ ಸಾಕ್ಷಿ ಸಿಕ್ಕಂಗಾಯ್ತು. ಹಾಂ, ಅಡಗಿ ಮನಿ ಸುದ್ದಿನೂ ಅದರಾಗ ಅದ. ಊಟದ ಅಧ್ಯಾಯದಾಗ ಇಡ್ಲಿ, ದೋಸೆ, ಪೂರಿ, ಮಂಡಿಗಿಯ ಹಳೇ ಹೆಸರುಗಳು ಬರ್ತಾವ.

ಇದನ್ನ ಓದಿದಾಗ ಹೆಮ್ಮಿ ಅನಸ್ತದ, ಅನಸಲೇಬೇಕು. ಆದ್ರ ಹೆಣ್ಮಕ್ಕಳಾಗಿ ಓದಿದ್ರ ಇನ್ನೊಂದು ಪ್ರಶ್ನಿ ಏಳ್ತದ. ಅರಸ ಜಳಕ ಮಾಡ್ದ, ಸರಿ. ನೀರು ಸೇದಿದವರು ಯಾರು? ಕಟಗಿ ತಂದವರು ಯಾರು? ಪುಡಿ ಕುಟ್ಟಿದವರು, ಆ ಎಣ್ಣಿ ಜಿಡ್ಡಿನ ಅರಿವಿ ಒಗೆದವರು ಯಾರು? ಗ್ರಂಥದಾಗ ಸೇವೆ ಮಾಡೂ ಮಂದಿ ಬರ್ತಾರ, ಆದ್ರ ಸುಖ ಯಾರ ಕಡಿಂದ ನೋಡಿದ್ದು ಅಂದ್ರ, ಎರೆಸಿಕೊಳ್ಳಾವನ ಕಡಿಂದ. ಎರೆಯೂ ಕೈಯ ಹೆಸರು ಅಲ್ಲಿಲ್ಲ.

ಹುಮನಾಬಾದ ತಾಲೂಕಿನ ಜಲಸಂಗವಿಗಿ ಹೋದವರು ಅಲ್ಲಿನ ಚಾಲುಕ್ಯರ ಕಾಲದ ಗುಡಿ ನೋಡಿರ್ತೀರಿ. ಗೋಡಿ ಸುತ್ತ ಕಲ್ಲಿನ ಸುಂದರಿಯರು. ಅವರೊಳಗ ಒಬ್ಬಾಕಿ ಶಾಸನ ಬರೀತಾ ನಿಂತಾಳ. ಅಷ್ಟು ಹಿಂದಿನ ಕಾಲದಾಗ ಬರೆಯೂ ಹೆಣ್ಮಗಳ ಮೂರ್ತಿ, ಅದೂ ನಮ್ಮ ಸೀಮ್ಯಾಗ! ಆಕಿ ಬರೆದದ್ದು ವಿಕ್ರಮಾದಿತ್ಯನ ಹೊಗಳಿಕಿ, ಅಂದ್ರ ನಮ್ಮ ಸೋಮೇಶ್ವರನ ಅಪ್ಪನ ಹೊಗಳಿಕಿ. ಲೇಖಣಿ ಆಕಿ ಕೈಯಾಗ, ಮಾತು ಅರಸಂದು.

ಆ ಮಾತು ತಿರುಗಿದ್ದೂ ಇದೇ ಕಲ್ಯಾಣದಾಗ. ಮಾನಸೋಲ್ಲಾಸ ಬರೆದು ಮೂವತ್ತು ನಲವತ್ತು ವರ್ಷ ಆಗಿತ್ತಷ್ಟೇ, ಬಿಜ್ಜಳನ ಕಾಲದಾಗ ಬಸವಣ್ಣನವರ ಸುತ್ತ ಶರಣರು ಕೂಡಿದರು. ಅವರ ಹೆಸರು ಸುಮ್ಮ ಒಂದ್ಸಲ ನೋಡ್ರಿ, ಅರಸನ ಉಪಭೋಗದ ಪಟ್ಟಿನೇ ಉಲ್ಟಾ ಮಾಡಿ ಓದಿದಂಗ ಕಾಣ್ತದ. ಅರಿವಿ ಒಗೆಯೂ ಮಡಿವಾಳ ಮಾಚಿದೇವರು. ಕಟಗಿ ಹೊರಿ ಮಾರೂ ಮೋಳಿಗೆಯ ಮಾರಯ್ಯನವರು, ಅವರ ಮಡದಿ ಮಹಾದೇವಿ. ತಾಂಬೂಲದ ಚೀಲ ಹಿಡಿಯೂ ಹಡಪದ ಅಪ್ಪಣ್ಣನವರು, ಅವರ ಮಡದಿ ಲಿಂಗಮ್ಮ. ಭತ್ತ ಕುಟ್ಟೂ ಕೊಟ್ಟಣದ ಸೋಮವ್ವ. ಚೆಲ್ಲಿದ ಅಕ್ಕಿ ಆಯೂ ಕಾಯಕದ ಮನಿಯಿಂದ ಆಯ್ದಕ್ಕಿ ಲಕ್ಕಮ್ಮ. ಅರಸನ ಗ್ರಂಥದಾಗ ತಾಂಬೂಲಕ್ಕ ಅಧ್ಯಾಯ ಇತ್ತು, ಇಲ್ಲಿ ತಾಂಬೂಲದ ಚೀಲ ಹಿಡದಾವಗೇ ಹೆಸರು ಬಂತು. ಅವರೆಲ್ಲಾ ವಚನ ಬರೆದರು, ಅದೂ ಕನ್ನಡದಾಗ. ಕೆಲಸ ಅಂಬೋದು ‘ಕಾಯಕ’ ಆಯ್ತು. ಮನಿ ಸುಖ ಯಾರ ಬೆವರಿನಿಂದ ಬರ್ತದ ಅಂಬೋದು ಆವತ್ತು ಮೊದಲ ಸಲ ಕೆಲಸದವರ ಬಾಯಿಂದಲೇ ಹೊರಗ ಬಂತು.

ಆಮ್ಯಾಗ ನೀರಿನ ಸುದ್ದಿ. ಜಳಕದ ಸುಖ ಎಲ್ಲಾ ನೀರಿನ ಮ್ಯಾಲೇ ನಿಂತದ, ನಮ್ಮ ಸೀಮ್ಯಾಗ ನೀರೇ ಕಷ್ಟ. 15ನೇ ಶತಮಾನದಾಗ ಬಹಮನಿ ಸುಲ್ತಾನರು ರಾಜಧಾನಿ ಕಲಬುರಗಿಯಿಂದ ಬೀದರಕ್ಕ ತಂದರು. ಅವರ ಕಾಲದ ‘ಕರೇಜ್’ ನೌಬಾದ ಕಡಿ ಈಗೂ ಅದ. ಕೆಂಪು ಕಲ್ಲಿನೊಳಗ ಸುರಂಗ ಕೊರೆದು, ನೆಲದಡಿ ನೀರು ಇಳಿಜಾರಿನಿಂದ ತಾನೇ ಹರಿದು ಬರೂ ಹಂಗ ಮಾಡಿದ ಪರ್ಶಿಯಾದ ವಿದ್ಯೆ ಅದು. ನಡುನಡುವ ಮ್ಯಾಲಿಂದ ಬಾವಿ ತೋಡ್ಯಾರ. ಬೀದರ ಕೋಟಿಯೊಳಗ ಈಗ ವಸ್ತುಸಂಗ್ರಹಾಲಯ ಇರೂ ಕಟ್ಟಡ ಹಿಂದ ಶಾಹಿ ಹಮಾಮು, ಅಂದ್ರ ಅರಮನಿ ಜಳಕದ ಮನಿ. ಅದೇ ‘ಹಮಾಮ್’ ಹೆಸರಿಟ್ಟು ಟಾಟಾದವರು 1931ರಾಗ ಸಾಬಣ ತಂದರು. ಅರಸರಿಗಿ ಜಳಕದ ಮನಿನೇ ಇತ್ತು, ನಮಗ ಆ ಹೆಸರಿನ ವಡಿ ಬಂತು.

ಸಾಬಣದ ಸುದ್ದಿಗಿ ಬರೂನು. ‘ಸಾಬಣ’ ಅಂಬೋ ಶಬ್ದ ಅರಬಿಯ ‘ಸಾಬೂನ್’ ಬಳಗದ್ದು. ನಮ್ಮ ಹಳೇ ಮಂದಿಗಿ ಸಾಬಣ ಅಂದ್ರ ಸೀಗಿಕಾಯಿ, ಅಂಟುವಾಳ, ಕಡ್ಲಿಹಿಟ್ಟು, ಕರಿಮಣ್ಣು. ಅಂಟುವಾಳ ನೀರಿನಾಗ ನೊರಿ ಬಿಡ್ತದಲ್ಲಾ, ಅದರಾಗ ಸಾಪೋನಿನ್ ಅಂಬೋ ಅಂಶ ಇರ್ತದ, ಜಿಡ್ಡು ಹಿಡಿದು ಎಬ್ಬಸೂದು ಅದೇ. ಬೂದಿಯಿಂದ ಪಾತ್ರೆ ತಿಕ್ಕೂದಕ್ಕೂ ಕಾರಣ ಅದ. ಬೂದಿಯೊಳಗಿನ ಕ್ಷಾರ ಜಿಡ್ಡಿನ ಕೂಡ ಕೂಡಿ ಸಾಬಣದಂಥಾದ್ದೇ ಆಗ್ತದ. ಅಂದ್ರ ನಮ್ಮ ಆಯಿಗೋಳು ಹೆಸರು ಗೊತ್ತಿಲ್ಲದೇ ರಸಾಯನ ಶಾಸ್ತ್ರ ನಡೆಸಿದ್ರು.

ಪ್ಯಾಟಿ ಸಾಬಣ ಹಿಂದೂಸ್ತಾನಕ್ಕ ಬಂದಾಗ, 1890ರ ದಶಕದಾಗ ಲೈಫ್‌ಬಾಯ್ ಮುಂಬೈಗಿ ಇಳಿದಾಗ, ನಾವು ಹೈದರಾಬಾದ ನಿಜಾಮರ ರಾಜ್ಯದಾಗ ಇದ್ದೆವು. ವಿಲಾಯ್ತಿ ಸಾಬಣದಾಗ ಪ್ರಾಣಿ ಕೊಬ್ಬು ಇರ್ತದ ಅಂತ ಭಾಳ ಮಂದಿ ಮುಟ್ಟಲಿಲ್ಲ. 1918ರ ಸುಮಾರಿಗಿ ಮುಂಬೈಯ ಗೋದ್ರೇಜದವರು ಬರೇ ಗಿಡದ ಎಣ್ಣಿಯಿಂದ ‘ಚಾವಿ’ ಸಾಬಣ ಮಾಡಿದ್ದು ಇಂಥ ಮಡಿಯ ಮನಿಗೋಳಿಗೂ ದಾರಿ ಆಯ್ತು. ಮೈಸೂರ ಸೀಮ್ಯಾಗ ಕಥಿ ಬ್ಯಾರೆ. ಮೊದಲನೇ ಮಹಾಯುದ್ಧದಿಂದ ಗಂಧದ ಕಟಗಿ ಯುರೋಪಕ್ಕ ಹೋಗೂದು ಕಷ್ಟ ಆಗಿ ಮಾಲು ಉಳೀತು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ ವಿಶ್ವೇಶ್ವರಯ್ಯನವರ ಕಾಲದಾಗ ಸರ್ಕಾರಿ ಸಾಬಣ ಕಾರ್ಖಾನಿ ಶುರು ಆಯ್ತು. ಹಿಂಗ ಗಂಧದ ಸಾಬಣ ಹುಟ್ಟಿತು. 1956ರಾಗ ಬೀದರ ಜಿಲ್ಲಾ ಮೈಸೂರ ರಾಜ್ಯಕ್ಕ ಸೇರಿದ ಮ್ಯಾಲ ಅದು ನಮ್ಮ ಸರ್ಕಾರದ್ದೂ ಸಾಬಣ ಆಯ್ತು. ಅರಸನ ‘ವಿಲೇಪನ ಉಪಭೋಗ’ದಾಗಿದ್ದ ಗಂಧ ಒಂದು ವಡಿಯಾಗಿ ಕಿರಾಣಿ ಅಂಗಡಿಗಿ ಇಳೀತು.

ಹೈದರಾಬಾದಿನ ಋಣನೂ ಮರೀಬಾರದು. 1920ರಾಗ ಹಕೀಮ ಮೊಹಮ್ಮದ್ ಮೊಯಿಜುದ್ದೀನ್ ಫಾರೂಖಿ ಅವರು ತಯಾರ ಮಾಡಿದ ‘ಜಿಂದಾ ತಿಲಿಸ್ಮಾತ್’ ಸಣ್ಣ ಬಾಟ್ಲಿ ನಮ್ಮ ಕಡಿ ಎಷ್ಟು ಮನಿ ಟ್ರಂಕಿನಾಗ ಇರ್ತದ! ನೀಲಗಿರಿ ಎಣ್ಣಿ ಅದರ ಮುಖ್ಯ ಜೀವ. ಅವರದೇ ಫಾರೂಖಿ ಹಲ್ಲುಪುಡಿ. ಬೇವಿನ ಕಡ್ಡಿ, ಬೂದಿ, ಉಪ್ಪು ಬಿಟ್ಟು ಮಂದಿ ಪುಡಿಗಿ ಬಂದರು. ಜಾತಿ ಧರ್ಮ ನೋಡದೇ ಎಲ್ಲಾರ ಮೂಗಿಗೂ ಅದೇ ವಾಸನಿ ಬಡೀತು.

ಈಗ ಒಂದು ಮಾತು ಹೇಳಬೇಕು. ‘ಹಳೇದೇ ಛಲೋ, ಪ್ಯಾಟಿ ಮಾಲು ಎಲ್ಲಾ ಕೆಟ್ಟದ್ದು’ ಅಂತ ಹೇಳೂದು ಗಂಡಸರಿಗಿ ಭಾಳ ಸಲೀಸ. ಸೀಗಿಕಾಯಿ ಬಿಸಿಲಿಗಿ ಹಾಕಿ, ಕುಟ್ಟಿ, ಜರಡಿ ಹಿಡಿದು, ಸೀನಿ ಸೀನಿ ಸಾಕಾದವರು ನಾವು. ಬಾವಿಯಿಂದ ಕೊಡ ಹೊತ್ತು, ಹಸಿ ಕಟಗಿ ಊದಿ ಊದಿ ಕಣ್ಣಾಗ ನೀರು ತಂದುಕೊಂಡು ಹಂಡೆ ಕಾಸಿದವರೂ ನಾವು. ಎಷ್ಟೋ ಮನ್ಯಾಗ ಮೊದಲ ಬಿಸಿನೀರು ಮಾವಗ, ಆಮ್ಯಾಗ ಗಂಡಗ, ಆಮ್ಯಾಗ ಮಕ್ಕಳಿಗಿ. ಕಾಸಿದಾಕಿಗಿ ಹಂಡೆ ತಳದ ಉಗುರುಬೆಚ್ಚಗಿನ ನೀರು. ಬಾವಿ ಸುದ್ದಿ ಅಂದ್ರ ಇನ್ನೂ ಕಹಿ. ಎಲ್ಲಾ ಮನಿ ಹೆಣ್ಮಕ್ಕಳಿಗೂ ಊರ ಬಾವಿ ಕಟ್ಟಿ ಏರಲಿಕ್ಕೆ ಬಿಡ್ತಿದ್ದಿಲ್ಲ. ದೂರ ನಿಂತು ಯಾರಾದ್ರೂ ಹಾಕ್ತಾರೇನೋ ಅಂತ ಕಾದವರ ಜಳಕದ ಇತಿಹಾಸ ಯಾವ ಅರಸನೂ ಬರೆದಿಲ್ಲ.

ಅದಕ್ಕೇ ನನಗ ಅನಸೂದು ಏನಂದ್ರ, ನಮ್ಮ ಮನಿಗಿ ಬಂದ ದೊಡ್ಡ ಸುಖ ಬಣ್ಣದ ಬಾಟ್ಲಿ ಅಲ್ಲ. ನಳ, ಗ್ಯಾಸ, ಒಗೆಯೂ ಪುಡಿ. 1969ರಾಗ ಅಹಮದಾಬಾದಿನ ಕರಸನಭಾಯಿ ಪಟೇಲ ಅವರು ‘ನಿರ್ಮಾ’ ಶುರು ಮಾಡಿ ಸಸ್ತಾ ಮಾರಿದ್ರು, ನಮ್ಮ ರಟ್ಟಿಗಿ ಅಷ್ಟು ಆರಾಮ ಸಿಕ್ತು. 2016ರ ಉಜ್ವಲಾದಾಗ ಬಡವರ ಒಲಿ ಕಟ್ಟಿಗೂ ಸಿಲಿಂಡರ ಬಂತು. 2019ರಿಂದ ಮನಿ ಮನಿಗಿ ನಳದ ಯೋಜನೆ ನಡದದ. ನೀರು ದಿನಾ ಬರ್ತದೋ ಇಲ್ಲೋ, ಸಿಲಿಂಡರ ತುಂಬಸಲಿಕ್ಕೆ ರೊಕ್ಕ ಇರ್ತದೋ ಇಲ್ಲೋ, ಅದು ನಾವು ಕೇಳಲೇಬೇಕಾದ ಪ್ರಶ್ನಿ. ಆದ್ರ ಜಳಕದ ಸುಖಕ್ಕ ಮೊದಲ ಪಾವಟಿಗಿ ಇವೇ.

ಹಂಗಾದ್ರ ಹಳೇದರಾಗ ಏನು ಇಟ್ಟುಕೊಳ್ಳಬೇಕು, ಏನು ಬಿಡಬೇಕು?

ಅಂಗಾಲಿಗಿ ಎಣ್ಣಿ, ಇದು ಇಟ್ಟುಕೊಳ್ಳೂದು. ರಾತ್ರಿ ಕಾಲು ತೊಳೆದು, ಒರೆಸಿ, ಹಿಮ್ಮಡಕ್ಕ ಕೊಬ್ಬರಿ ಎಣ್ಣಿ ಇಲ್ಲಾ ಕುಸುಬಿ ಎಣ್ಣಿ ಹಚ್ಚಿ, ಹಳೇ ಕಾಲುಚೀಲ ಹಾಕಿ ಮಲಗ್ರಿ. ಚೀಲ ಇದ್ರ ಚಾದರ ಕೆಡೂದಿಲ್ಲ. ಸಕ್ಕರಿ ಬ್ಯಾನಿ ಇದ್ದವರು ಇದನ್ನ ದಿನಾ ಮಾಡಬೇಕು, ಯಾಕಂದ್ರ ಎಣ್ಣಿ ಹಚ್ಚೂ ನೆಪದಾಗ ಅಂಗಾಲು ನೋಡಿದಂಗ ಆಗ್ತದ. ಅವರಿಗಿ ಗಾಯ ಆದ್ರೂ ಗೊತ್ತಾಗೂದಿಲ್ಲ. ಬೆರಳ ಸಂದಿನಾಗ ಮಾತ್ರ ಎಣ್ಣಿ ಬಿಡಬ್ಯಾಡ್ರಿ, ಹಸಿ ಉಳಿದು ಬುರುಸು ಹಿಡೀತದ. ಕಾಲು ಬಿಸಿನೀರಿನಾಗ ಇಡೂ ಮುಂಚೆ ಮನಿ ಮಂದಿ ಯಾರಾದ್ರೂ ಕೈ ಹಾಕಿ ನೋಡಬೇಕು.

ಕೂಸಿಗಿ ಎಣ್ಣಿ ತಿಕ್ಕೂದು ಇರ್ಲಿ, ಮೆತ್ತಗ. ಆದ್ರ ಕಿವಿಗಿ, ಮೂಗಿಗಿ ಎಣ್ಣಿ ಹನಿ ಹಾಕೂದು ಬಿಡ್ರಿ. ಅದು ಪುಪ್ಪಸಕ್ಕ ಇಳಿದ್ರ ಜೀವಕ್ಕೇ ತ್ರಾಸ. ಬಾಣಂತಿ ಕೋಣಿ ಬಾಗಿಲಾ ಹಾಕಿ ಊದು, ಲೋಬಾನ, ಕೆಂಡ ಇಡೂದೂ ಬಿಡ್ರಿ. ಅರಸನ ಧೂಪ ದೊಡ್ಡ ಅರಮನಿಯೊಳಗ ಇತ್ತು, ಗಾಳಿ ಆಡ್ತಿತ್ತು. ನಮ್ಮದು ಹತ್ತು ಫೂಟಿನ ಕೋಣಿ, ಎಳೇ ಕೂಸಿನ ಉಸುರು. ಸಂಜಿಕ ದೇವರ ಮುಂದ ಊದು ಹಾಕ್ರಿ, ಕಿಡಕಿ ತೆಗೀರಿ.

ಮತ್ತ ಒಂದು ಹೊಸಾ ಪದ್ಧತಿ ಶುರು ಮಾಡೂನು. ಮುಂದಿನ ದೀಪಾವಳಿಗಿ ನೀರು ಕಾಸಿದಾಕಿಗೇ ಮೊದಲ ಜಳಕ. ಆಕಿಗಿ ಎಣ್ಣಿ ಹಚ್ಚಲಿಕ್ಕೆ ಮಗಳು ಇರ್ಲಿ, ಸೊಸಿ ಇರ್ಲಿ, ಮಗನೂ ಇರ್ಲಿ. ಬಸವಣ್ಣನ ಕಲ್ಯಾಣದ ಮಗ್ಗಲಾಗ ಇದ್ದೀವಿ, ಇಷ್ಟು ಮಾಡಲಿಲ್ಲಂದ್ರ ಹ್ಯಾಂಗ?

ಇನ್ನೊಂದು ಕೆಲಸ. ಅರಸನ ಜಳಕ 900 ವರ್ಷ ಉಳೀತು, ಯಾಕಂದ್ರ ಬರೆದಿಟ್ಟಿದ್ದ. ನಿಮ್ಮ ಅತ್ತಿ ಬಾಣಂತಿಗಿ ಯಾವ ಪುಡಿ ಕೂಡಸ್ತಿದ್ಲು, ನಿಮ್ಮ ಆಯಿ ತಲಿ ಎಣ್ಣಿಗಿ ಏನೇನು ಹಾಕಿ ಕಾಸ್ತಿದ್ಲು, ನೀರು ಎಲ್ಲಿಂದ ತರ್ತಿದ್ಲು, ದಿನಕ್ಕ ಎಷ್ಟು ಕೊಡ, ಕೇಳಿ ಒಂದು ವಹಿಯಾಗ ಬರೀರಿ. ಕೆಳಗ ಆಕಿ ಹೆಸರು ಹಾಕ್ರಿ. ಜಲಸಂಗವಿ ಗೋಡಿ ಮ್ಯಾಲಿನಾಕಿ ಅರಸನ ಹೆಸರು ಬರೆದಳು. ನಮ್ಮ ವಹಿಯಾಗ ನಮ್ಮ ಮನಿಯಾಕಿ ಹೆಸರೇ ಬರ್ಲಿ.