ಹಾಯಿಹಡಗಿನ ಮುಕಾದಮ

ಬೆಳಗಾವಿ ಜಿಲ್ಲೆಯ ನಮ್ಮ ಕಣಗಲಾಕ್ಕೆ ಕಡಲಿನ ನಂಟೆಲ್ಲಿಯದು ಎಂದು ಕೇಳುವವರುಂಟು. ಸಂಕೇಶ್ವರದ ಮಗ್ಗುಲಲ್ಲಿ ಹರಿವ ಹಿರಣ್ಯಕೇಶಿಯೇ ಪಡುಗಡಲಿಗೆ ಸಮೀಪದ ಆಂಬೋಲಿಯ ಘಟ್ಟದ ನೆತ್ತಿಯಲ್ಲಿ ಹುಟ್ಟಿಯೂ, ಆ ಕಡಲಿಗೆ ಬೆನ್ನು ತಿರುಗಿಸಿ ಮೂಡಣಕ್ಕೆ ಹರಿದು ಘಟಪ್ರಭೆಯನ್ನು ಕೂಡಿಕೊಳ್ಳುತ್ತದೆ. ಆದರೆ ನದಿ ಒಲ್ಲದ ದಾರಿಯನ್ನು ಸರಕು ಹಿಡಿಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳಗಾವಿ ಸೀಮೆಯ ಹತ್ತಿ ಹೇರೆತ್ತುಗಳ ಮೇಲೆ ರಾಮಘಟ್ಟವನ್ನಿಳಿದು ವೆಂಗುರ್ಲೆಗೂ, ಧಾರವಾಡ ಸೀಮೆಯದು ಕುಮಟೆಗೂ ಹೋಗಿ, ಅಲ್ಲಿಂದ ಹಾಯಿಹಡಗನ್ನೇರಿ ಮುಂಬಯಿಯನ್ನು ಮುಟ್ಟುತ್ತಿತ್ತು. ಮರಳುವ ಎತ್ತುಗಳು ಉಪ್ಪು, ತೆಂಗಿನಕಾಯಿ, ಒಣಮೀನುಗಳನ್ನು ಘಟ್ಟದ ಮೇಲಕ್ಕೆ ತರುತ್ತಿದ್ದವು.

ಈ ಕರಾವಳಿಯ ಪತ್ತೇಮಾರಿ, ಮಚವೆಗಳೆಂಬ ಹಾಯಿಹಡಗುಗಳನ್ನು ನಡೆಸಿದವರು ಗಾಬಿತ, ಖಾರ್ವಿ, ದಾಲ್ದಿ ಮುಂತಾದ ಸಮುದ್ರೋಪಜೀವಿಗಳು. ನೂಲಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ತರುವಾಯ ಹಡಗುಗಳು ನೀರಿಗಿಳಿದು, ಮಳೆಗಾಲದ ಮುನ್ನ ದಡವೇರುತ್ತಿದ್ದುದರಿಂದ ಹಡಗಿನಾಳಾದ ಖಲಾಸಿಯ ದುಡಿಮೆಗೆ ವರ್ಷವೆಂದರೆ ಎಂಟೊಂಬತ್ತು ತಿಂಗಳು ಮಾತ್ರ. ಅನೇಕ ಹಡಗುಗಳಲ್ಲಿ ಗೊತ್ತಾದ ಸಂಬಳವಿರದೆ ಪಾಲಿನ ಪದ್ಧತಿಯಿತ್ತು: ಯಾನದ ಗಳಿಕೆಯಲ್ಲಿ ಊಟದ ಖರ್ಚನ್ನು ಕಳೆದು, ಒಡೆಯನ ಭಾಗವನ್ನೆತ್ತಿಟ್ಟು, ಉಳಿದುದನ್ನು ಹಂಚುವಾಗ ಹಡಗನ್ನು ನಡೆಸುವ ತಂಡೇಲನಿಗೆ ಖಲಾಸಿಗಿಂತ ಹೆಚ್ಚು ಪಾಲು. ಗಾಳಿ ಕೈಕೊಟ್ಟರೆ ಎಲ್ಲರ ಕೈಯೂ ಬರಿದು. ಆದರೆ ಲೆಕ್ಕ ಎಲ್ಲರ ಕಣ್ಣಮುಂದೆ.

ಮುಂಬಯಿಯಲ್ಲಿ ದೊಡ್ಡ ಹಡಗನ್ನೇರಿದವನ ಪಾಡು ಬೇರೆ. ಅಲ್ಲಿ ಕಪ್ತಾನನು ಖಲಾಸಿಗಳನ್ನು ಒಬ್ಬೊಬ್ಬರಾಗಿ ಆರಿಸುತ್ತಿರಲಿಲ್ಲ. ಖಲಾಸಿಗಳ ಮೇಲಾಳಾದ ಸಾರಂಗನು ತನ್ನ ಊರು, ಕುಲ, ನಂಟಸ್ತಿಕೆಗಳಿಂದ ಕೂಡಿಸಿದ ಇಡೀ ತಂಡವನ್ನು ಒಟ್ಟಾಗಿ ಒಪ್ಪಿಕೊಳ್ಳುತ್ತಿದ್ದನು. ಕೆಲಸ ಸಿಗುವವರೆಗೆ ಸಾಲದ ಮೇಲೆ ಉಂಡು ಮಲಗಿದ್ದವನು ಕರಾರಿಗೆ ಹೆಬ್ಬೆಟ್ಟೊತ್ತಿದೊಡನೆ ಮುಂಗಡ ಕೈಗೆ ಬರುವುದು. ಬಂದ ಕೈಯಿಂದಲೇ ಅದು ಸಾಲ ಕೊಟ್ಟವನಿಗೂ, ದಸ್ತೂರಿ ಎಂಬ ದಲ್ಲಾಳಿಯ ಹೆಸರಿನಲ್ಲಿ ಸಾರಂಗನಿಗೂ ಸಂದುಹೋಗುವುದು. ಹೀಗೆ ಹಡಗು ಲಂಗರೆತ್ತುವ ಮೊದಲೇ ಖಲಾಸಿಯು ಮೊದಲ ತಿಂಗಳುಗಳ ಬೆವರನ್ನು ಮಾರಿಕೊಂಡಿರುತ್ತಿದ್ದನು.

ಕಾನೂನೂ ಅವನ ಪಾಲಿಗೆ ಸಮನಾಗಿರಲಿಲ್ಲ. 1823ರ ಬ್ರಿಟಿಷ್ ಶಾಸನವು ಲಸ್ಕರನೆಂದು ಕರೆಸಿಕೊಳ್ಳುತ್ತಿದ್ದ ಈ ಖಲಾಸಿಯನ್ನು ಬ್ರಿಟಿಷ್ ನಾವಿಕನೆಂದು ಗಣಿಸದೆ, ಅವನಿಗೆ ಬೇರೆ ಕರಾರನ್ನೂ ಬೇರೆ ಆಹಾರದ ಪ್ರಮಾಣವನ್ನೂ ಗೊತ್ತುಪಡಿಸಿತು. ಶತಮಾನದ ಉತ್ತರಾರ್ಧದಲ್ಲಿ ಅವನ ವೇತನ ಯುರೋಪಿಯನ್ ನಾವಿಕನದರ ಮೂರರಲ್ಲೊಂದರಿಂದ ಐದರಲ್ಲೊಂದು ಪಾಲಿನಷ್ಟು ಮಾತ್ರ. 1859ರ ಭಾರತೀಯ ಕಾಯಿದೆ ಬಂದರುಗಳಲ್ಲಿ ನೌಕಾ ಕಛೇರಿಗಳನ್ನು ಸ್ಥಾಪಿಸಿ, ಅಧಿಕಾರಿಯ ಸಮಕ್ಷಮ ವೇತನ ಸಲ್ಲಬೇಕೆಂದಿತು. ಸಲ್ಲುವುದೇನೋ ಸಲ್ಲುತ್ತಿತ್ತು, ಆದರೆ ಕಛೇರಿಯ ಹೊಸ್ತಿಲಾಚೆ ನಿಂತ ಸಾರಂಗನ ಕೈಯನ್ನು ಕಾಯಿದೆ ಹಿಡಿಯಲಾರದಾಯಿತು.

1869ರಲ್ಲಿ ಸೂಯೆಜ್ ಕಾಲುವೆ ತೆರೆದು ಹೊಗೆಹಡಗುಗಳು ಹೆಚ್ಚಿದವು; 1888ರಲ್ಲಿ ಮರ್ಮಗೋವೆಗೆ ರೈಲು ಬಂದು ಕುಮಟೆಯ ಹತ್ತಿಯನ್ನು ಸೆಳೆಯಿತು. ಹಾಯಿಗಳು ಇಳಿದವು, ಆದರೆ ಮುಂಗಡ ಕೊಟ್ಟು ಆಳನ್ನು ಕಟ್ಟಿಹಾಕುವ ಜಾಣತನ ಇಳಿಯಲಿಲ್ಲ. ಇಂದಿಗೂ ನಮ್ಮ ಹೊಲದ ಬದುವಿನ ಮೇಲೆ ಕಬ್ಬು ಕಡಿಯುವ ತಂಡದೊಡನೆ ಲೆಕ್ಕಕ್ಕೆ ಕೂಡುವ, ಆಳುಗಳನ್ನು ಕೂಡಿಸಿ ತಂದ ಮುಕಾದಮನು ವಹಿ ಬಿಡಿಸಿ ಮೊದಲು ಓದುವುದು ಕಡಿದ ಟನ್ನುಗಳನ್ನಲ್ಲ, ಕೊಟ್ಟ ಮುಂಗಡವನ್ನು.